ರಜಿಯಾಗೆ ಇನ್ನೂ ಒಂದು ಸಿನಿಮಾ ಬಾಕಿ ಇದೆ

ಏಳನೇ ತರಗತಿಗೆ ದೆಹಲಿ ಸುಲ್ತಾನರ ಪಾಠ ಮಾಡುವಾಗ ಒಂದು ವರ್ಷ ನನಗೊಂದು ಉಮೇದು ಬಂತು. ಪಾಠದಲ್ಲಿ ರಜಿಯಾ ಸುಲ್ತಾನಳಿಗೆ ಸಿಕ್ಕಿರೋದು ಕೆಲವೇ ಸಾಲು. ಸಿನಿಮಾ ತೋರಿಸಿದರೆ ಮಕ್ಕಳ ಮನಸ್ಸಿಗೆ ಹತ್ತುತ್ತೆ ಅಂತ ಕಮಾಲ್ ಅಮ್ರೋಹಿಯವರ 1983ರ 'ರಜಿಯಾ ಸುಲ್ತಾನ್' ಹಾಕಿದೆ. ಹೈದರಾಬಾದಿನ ಶಾಲೆ, ಹೆಚ್ಚಿನ ಮಕ್ಕಳ ಮನೆಮಾತು ದಖ್ಖನಿ ಉರ್ದು. ಭಾಷೆಯ ತೊಂದರೆ ಬರಲ್ಲ ಅಂದುಕೊಂಡಿದ್ದೆ. ಹತ್ತು ನಿಮಿಷ ಆಗಿರಲಿಲ್ಲ, ಮುಂದಿನ ಬೆಂಚಿನ ಹುಡುಗಿ ಎದ್ದು ನಿಂತು, "ಟೀಚರ್, ಇವ್ರು ಮಾತಾಡ್ತಿರೋದು ಯಾವ ಭಾಷೆ?" ಅಂತ ಕೇಳಿದಳು.

ಆಮೇಲೆ ಮುಖಕ್ಕೆಲ್ಲ ಕಪ್ಪು ಬಣ್ಣ ಬಳಿದುಕೊಂಡ ಧರ್ಮೇಂದ್ರ ತೆರೆ ಮೇಲೆ ಬಂದರು. ಇಡೀ ಕ್ಲಾಸು ನಕ್ಕಿತು. ನಗದೇ ಕೂತವಳು ಒಬ್ಬಳೇ. ಅವಳ ಮನೆ ಎ.ಸಿ. ಗಾರ್ಡ್ಸ್‌ನಲ್ಲಿ. ಆ ಹೆಸರು ಬಂದದ್ದು ಆಫ್ರಿಕನ್ ಕ್ಯಾವಲ್ರಿ ಗಾರ್ಡ್ಸ್‌ನಿಂದ, ಅಂದರೆ ನಿಜಾಮರ ಅಶ್ವದಳದಲ್ಲಿದ್ದ ಹಬ್ಶಿ ಸೈನಿಕರಿಂದ. ನಾನು ಸಿನಿಮಾ ನಿಲ್ಲಿಸಿ ಬೋರ್ಡಿನ ಕಡೆ ತಿರುಗಿದೆ.

ಆ ದಿನದಿಂದ ಈ ಚಿತ್ರದ ಮೇಲೆ ನನಗೊಂದು ಸಿಟ್ಟು ಉಳಿದಿದೆ. ಕೆಟ್ಟ ಸಿನಿಮಾಗಳ ಮೇಲೆ ಯಾರೂ ಇಷ್ಟು ಸಿಟ್ಟು ಮಾಡಿಕೊಳ್ಳಲ್ಲ. ಇದು ಚೆನ್ನಾಗಿ ಆಗಬಹುದಾಗಿದ್ದ ಸಿನಿಮಾ, ಅದಕ್ಕೇ ಸಿಟ್ಟು.

ಕಥೆ ಎಂಥದ್ದು ನೋಡಿ. ಅಲ್ತಮಷ್ ತನ್ನ ಗಂಡುಮಕ್ಕಳನ್ನು ಬಿಟ್ಟು ಮಗಳನ್ನು ಉತ್ತರಾಧಿಕಾರಿ ಅಂತ ಆರಿಸುತ್ತಾನೆ. ಅವನು ಸತ್ತ ಮೇಲೆ ಅಮೀರರು ಮಗನನ್ನೇ ಗದ್ದುಗೆಗೆ ತರುತ್ತಾರೆ. ಆಗ ರಜಿಯಾ, ನ್ಯಾಯ ಕೇಳಲು ಬರುವವರು ತೊಡುವ ಬಣ್ಣದ ಬಟ್ಟೆ ತೊಟ್ಟು, ಶುಕ್ರವಾರದ ನಮಾಜಿಗೆ ಸೇರಿದ ಜನರ ಮುಂದೆ ನಿಂತು ಫಿರ್ಯಾದು ಹೇಳಿಕೊಂಡಳಂತೆ. ಇದನ್ನು ಹೇಳುವವನು ಇಬ್ನ್ ಬತೂತ. ದೆಹಲಿಯ ಜನ ಎದ್ದು ಅವಳನ್ನು ಪಟ್ಟಕ್ಕೇರಿಸಿದರು. ಅದು 1236. ಚಿತ್ರಕಥೆ ಬರೆಯುವವರಿಗೆ ಇದಕ್ಕಿಂತ ಒಳ್ಳೆ ದೃಶ್ಯ ಬೇಕಾ? ನಾಲ್ಕು ವರ್ಷ ಆಳುವಷ್ಟರಲ್ಲಿ ತುರ್ಕಿ ಅಮೀರರು ತಿರುಗಿಬಿದ್ದರು, ಯಾಕೂತ್‌ನನ್ನು ಕೊಂದರು, 1240ರಲ್ಲಿ ಅವಳೂ ಹೋದಳು. ಅವಳ ಕಾಲದಲ್ಲೇ ಇದ್ದ ಮಿನ್ಹಾಜ್ ಅವಳ ಗುಣಗಳನ್ನೆಲ್ಲ ಪಟ್ಟಿ ಮಾಡಿ ಹೊಗಳುತ್ತಾನೆ, ಕೊನೆಗೆ ಗಂಡಾಗಿ ಹುಟ್ಟಲಿಲ್ಲವಲ್ಲ, ಏನು ಪ್ರಯೋಜನ ಅನ್ನುತ್ತಾನೆ. ಅವಳಿಗೂ ಯಾಕೂತ್‌ಗೂ ಏನೋ ಇತ್ತು ಅನ್ನೋ ಗುಸುಗುಸು ದೊಡ್ಡದಾಗುವುದು ನಂತರ ಬರೆದವರಲ್ಲಿ. ಅವರಲ್ಲೊಬ್ಬ ಇಸಾಮಿ. ಅವಳು ಸತ್ತು ನೂರಕ್ಕೂ ಹೆಚ್ಚು ವರ್ಷದ ಮೇಲೆ, ನಮ್ಮ ಬಹಮನಿ ಸುಲ್ತಾನನ ಆಶ್ರಯದಲ್ಲಿ ಬರೆದವನು.

ಸಿನಿಮಾ ಹಿಡಿದುಕೊಂಡಿದ್ದು ಆ ಗುಸುಗುಸುವನ್ನೇ. ಅಮೀರರ ರಾಜಕೀಯ, ಹೆಣ್ಣಿನ ಅಧಿಕಾರ ಸಹಿಸದ ದರ್ಬಾರು, ಇದೆಲ್ಲ ಪ್ರೇಮಕಥೆಯ ಹಿಂದಿನ ಪರದೆ ಆಗಿಬಿಡುತ್ತೆ. ಪ್ರೇಮಕಥೆ ಮಾಡಬಾರದು ಅಂತಲ್ಲ. ಮಾಡಿದರೆ ಇಬ್ಬರ ನಡುವೆ ಏನೋ ನಡೀತಿದೆ ಅಂತ ನೋಡುವವರಿಗೆ ಅನ್ನಿಸಬೇಕು. ಹೇಮಾ ಮಾಲಿನಿ ಭಾರದ ಒಡವೆ ಹೊತ್ತು ನಿಲ್ಲುತ್ತಾರೆ, ಧರ್ಮೇಂದ್ರ ಬಣ್ಣದ ಹಿಂದೆ ಮುಚ್ಚಿಹೋಗುತ್ತಾರೆ. ಮುಖದಲ್ಲಿ ಏನೂ ಓಡದಿದ್ದಾಗ ಮಾತು ಓಡಬೇಕಾಗುತ್ತೆ, ಆ ಮಾತೋ ಯಾರಿಗೂ ಅರ್ಥವಾಗದ್ದು.

ಉರ್ದು ಕಲಿಸುವವಳಾಗಿ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಅಮ್ರೋಹಿ ಸಾಹೇಬರ ಉರ್ದು ಸುಂದರ, ಎರಡು ಮಾತಿಲ್ಲ. 'ಪಾಕೀಝಾ'ದಲ್ಲಿ (1972) ಅದೇ ಅಲಂಕಾರದ ಭಾಷೆ ನಮ್ಮನ್ನು ಹಿಡಿದು ಕೂರಿಸುತ್ತೆ. ಯಾಕಂದ್ರೆ ಅದು ಕೋಠಿಯ ಕಥೆ, ನಯವಾಗಿ ಮಾತಾಡೋದೇ ಅಲ್ಲಿನವರ ಕಸುಬು. ರಜಿಯಾಳ ದರ್ಬಾರಿನಲ್ಲಿ ಸುಲ್ತಾನನೂ ಹಾಗೇ, ವಜೀರನೂ ಹಾಗೇ, ಆಫ್ರಿಕಾದಿಂದ ಬಂದ ಗುಲಾಮನೂ ಹಾಗೇ ಮಾತಾಡ್ತಾರೆ. ಎಲ್ಲರೂ ಒಂದೇ ಮುಶಾಯಿರಾದಿಂದ ಎದ್ದು ಬಂದ ಹಾಗೆ. ಆ ಕಾಲಕ್ಕೆ ನಿಷ್ಠೆ ಅನ್ನೋಣ ಅಂದ್ರೆ ಅದೂ ಅಲ್ಲ. ಆಗ ದರ್ಬಾರಿನ ಭಾಷೆ ಫಾರಸಿ, ಈ ಉರ್ದು ಇನ್ನೂ ಹುಟ್ಟಿರಲೇ ಇಲ್ಲ.

ಒಂದು ಮಾತ್ರ ಒಪ್ಪಲೇಬೇಕು, ಖಯ್ಯಾಮ್ ಸಂಗೀತ. ಲತಾ ಹಾಡಿದ ಆ ಮರುಭೂಮಿಯ ಹಾಡಿನಲ್ಲಿ ನಡುವೆ ವಾದ್ಯಗಳೆಲ್ಲ ನಿಂತು ಸುಮ್ಮನಾಗುವ ಗಳಿಗೆ ಇದೆ. ಇಡೀ ಚಿತ್ರದಲ್ಲಿ ರಜಿಯಾ ಒಂಟಿ ಅಂತ ನನಗೆ ಅನ್ನಿಸಿದ್ದು ಅಲ್ಲಿ ಮಾತ್ರ.

ಇದು ಹಳೇ ಕಾಲದ ತಪ್ಪು ಅಂದುಕೊಳ್ಳಬೇಡಿ. 2019ರ 'ಕಳಂಕ್' ನೋಡಿ. ವಿಭಜನೆಗೆ ಮುಂಚಿನ ಒಂದು ಊರು, ಕಮ್ಮಾರರ ಕೇರಿ. ಉಕ್ಕಿನ ಕಾರ್ಖಾನೆ ಬಂದರೆ ಕುಲುಮೆಗಳು ಆರಿಹೋಗುತ್ತವೆ ಅನ್ನೋ ಭಯ, ಆ ಭಯವನ್ನು ಕೋಮುದ್ವೇಷಕ್ಕೆ ತಿರುಗಿಸೋ ಒಬ್ಬ ಮುಖಂಡ. ಗಲಭೆ ಎಲ್ಲಿಂದ ಹುಟ್ಟುತ್ತೆ ಅಂತ ತೋರಿಸಲು ಎಂಥಾ ಬೀಜ! ಆದ್ರೆ ಕ್ಯಾಮೆರಾಗೆ ಕುಲುಮೆಗಿಂತ ದೀಪದ ಗೊಂಚಲಿನ ಮೇಲೇ ಪ್ರೀತಿ. ಕಂಪ್ಯೂಟರಿನಲ್ಲಿ ಮಾಡಿದ ಗೂಳಿಯ ಜೊತೆ ಹೀರೋ ಕಾದಾಡ್ತಾನೆ. ಕಮ್ಮಾರನ ಕೈಯಲ್ಲಿ ಕರಿ ಹತ್ತಿದ್ದರೂ ಅದು ಮೇಕಪ್ ಅಂತ ಗೊತ್ತಾಗುತ್ತೆ.

ದುಡ್ಡಿಲ್ಲದೆ ಹೀಗಾಯ್ತು ಅನ್ನುವಂತಿಲ್ಲ, ಎರಡಕ್ಕೂ ದುಡ್ಡು ಸುರಿದಿದ್ದಾರೆ. ನಮ್ಮ ಮೈಸೂರಿನ ಎಂ.ಎಸ್. ಸತ್ಯು 'ಗರಂ ಹವಾ' ಮಾಡಿದ್ದು ಫಿಲ್ಮ್ ಫೈನಾನ್ಸ್ ಕಾರ್ಪೊರೇಷನ್ ಕೊಟ್ಟ ಎರಡೂವರೆ ಲಕ್ಷ ರೂಪಾಯಿ ಸಾಲ, ಮೇಲೆ ಗೆಳೆಯರ ಸಹಾಯದಿಂದ. ಅದೂ ಮುಸ್ಲಿಂ ಮನೆಯ ಕಥೆ, ಅದೂ ವಿಭಜನೆ, ಅಲ್ಲೂ ಕಸುಬಿನ ಪ್ರಶ್ನೆ: ಆಗ್ರಾದ ಚಪ್ಪಲಿ ಕಾರ್ಖಾನೆಯ ಸಲೀಂ ಮಿರ್ಜಾಗೆ ಸಾಲ ಹುಟ್ಟಲ್ಲ, ಬಾಡಿಗೆ ಮನೆ ಸಿಗಲ್ಲ. ಬಲರಾಜ್ ಸಾಹ್ನಿ ದನಿ ಎತ್ತುವುದೇ ಇಲ್ಲ. ಹವೇಲಿ ಬಿಡಲ್ಲ ಅಂತ ಹಟ ಹಿಡಿದ ಅಜ್ಜಿಯನ್ನು ಸಾಯುವ ಹೊತ್ತಿಗೆ ಪಲ್ಲಕ್ಕಿಯಲ್ಲಿ ಅಲ್ಲಿಗೇ ಹೊತ್ತು ತರುತ್ತಾರೆ. ಅವಳು ಮದುವಣಗಿತ್ತಿಯಾಗಿ ಬಂದ ದಿನದ ಸದ್ದು ನಮಗೂ ಕೇಳಿಸುತ್ತೆ. ಅಷ್ಟೇ. ಆ ದೃಶ್ಯ ತೋರಿಸಿದಾಗ ನನ್ನ ಕ್ಲಾಸಿನಲ್ಲಿ ಯಾರೂ ಭಾಷೆ ಯಾವುದು ಅಂತ ಕೇಳಲಿಲ್ಲ.

ನಮ್ಮವರಲ್ಲಿ ಒಂದು ಮಾತಿದೆ: ನಮ್ಮ ಬಗ್ಗೆ ಒಂದು ಸಿನಿಮಾ ಬಂತಲ್ಲ, ಅದೇ ದೊಡ್ಡದು, ಹುಳುಕು ಯಾಕೆ ಹುಡುಕ್ತೀರಿ? ನನಗೆ ಇದು ಒಪ್ಪಿಗೆ ಇಲ್ಲ. ಇಂಥ ಸಿನಿಮಾ ಬಿದ್ದಾಗ ಮೇಕಪ್ ಬಿತ್ತು, ಸಂಭಾಷಣೆ ಬಿತ್ತು ಅಂತ ಯಾರೂ ಹೇಳಲ್ಲ. ರಜಿಯಾ ಓಡಲ್ಲ ಅಂತಾರೆ. ವಿಷಯಕ್ಕೇ ಮುದ್ರೆ ಬೀಳುತ್ತೆ. ನಲವತ್ತು ವರ್ಷ ದಾಟಿತು, ಅವಳಿಗೆ ತಕ್ಕ ಇನ್ನೊಂದು ಸಿನಿಮಾ ನನ್ನ ಕಣ್ಣಿಗೆ ಬಿದ್ದಿಲ್ಲ. ಹುಳುಕನ್ನು ಹುಳುಕು ಅಂತ ನಾವೇ ಹೇಳದಿದ್ದರೆ ಆ ತಪ್ಪು ರಜಿಯಾಳ ಲೆಕ್ಕಕ್ಕೇ ಹೋಗುತ್ತೆ.

ಈ ವರ್ಷ ಸಿನಿಮಾ ಹಾಕಲಿಲ್ಲ. ಮರುಭೂಮಿಯ ಹಾಡು ಮಾತ್ರ ಕೇಳಿಸಿ, ಮಸೀದಿಯ ಮುಂದೆ ಜನರಲ್ಲಿ ನ್ಯಾಯ ಕೇಳುವ ದೃಶ್ಯವನ್ನು ನೀವೇ ಬರೀರಿ ಅಂದೆ. ರಜಿಯಾ ಯಾವ ಭಾಷೆಯಲ್ಲಿ ಮಾತಾಡಬೇಕು ಅಂತ ಕೇಳಿದರು. ನಿಮ್ಮಿಷ್ಟ ಅಂದೆ. ಅರ್ಧ ಕ್ಲಾಸು ದಖ್ಖನಿಯಲ್ಲಿ ಬರೆದಿತ್ತು. ಒಬ್ಬಳ ಹಾಳೆಯಲ್ಲಿ ಅಮೀರರು ಬಂದು, ನೀನು ಪರದೆಯೊಳಗೆ ಹೋಗು, ರಾಜ್ಯ ನಾವು ನೋಡ್ಕೋತೀವಿ ಅಂತಾರೆ. ರಜಿಯಾ ಒಂದೇ ಮಾತು ಹೇಳ್ತಾಳೆ: "ನಕ್ಕೊ."