ಕೆಳಗೆ ನಿಂತಿದ್ದವನು

ಮಾರ್ಕ್ಸ್‌ವಾದಿ ಇತಿಹಾಸಕಾರ ಐಸಾಕ್ ಡಾಯ್ಚರ್ ಹೇಳಿದ ಉರಿವ ಮನೆಯ ದೃಷ್ಟಾಂತವನ್ನು ಎಡಪಂಥದ ಅತ್ಯಂತ ಮಾನವೀಯ ಮಾತೆಂದು ಕೊಂಡಾಡುವುದು ರೂಢಿಯಾಗಿಬಿಟ್ಟಿದೆ. ಅದಕ್ಕೆ ಅಷ್ಟು ದೊಡ್ಡ ಮಣೆ ಸಲ್ಲದು.

 1967ರ ಜೂನ್‌ನ ಅರಬ್-ಇಸ್ರೇಲ್ ಯುದ್ಧದ ಬೆನ್ನಿಗೇ 'ನ್ಯೂ ಲೆಫ್ಟ್ ರಿವ್ಯೂ' ಸಂದರ್ಶನದಲ್ಲಿ ಡಾಯ್ಚರ್ ಇದನ್ನು ಹೇಳಿದರು. ತನ್ನವರನ್ನು ಬೆಂಕಿಯಲ್ಲಿ ಕಳೆದುಕೊಂಡವನೊಬ್ಬ ಮಹಡಿಯಿಂದ ಹಾರುತ್ತಾನೆ. ಅವನ ಜೀವವೇನೋ ಉಳಿಯುತ್ತದೆ, ಕೆಳಗೆ ನಿಂತಿದ್ದವನ ಕೈಕಾಲು ಮುರಿಯುತ್ತದೆ. ಹಾರಿದವನು ಯುರೋಪಿನ ಯಹೂದಿ, ಕೆಳಗಿದ್ದವನು ಪ್ಯಾಲೆಸ್ಟೀನಿನ ಅರಬ. ಇಬ್ಬರೂ ವಿವೇಕದಿಂದ ನಡೆದುಕೊಂಡರೆ ಹಗೆಗೆ ಎಡೆಯಿಲ್ಲ ಎನ್ನುತ್ತಾರೆ ಡಾಯ್ಚರ್.

'ನಿಂತಿದ್ದವನು' ಎಂಬಲ್ಲೇ ನನಗೆ ತೊಡಕು. ಪ್ಯಾಲೆಸ್ಟೀನಿನವನು ಯಾರದೋ ಮನೆಯ ಕೆಳಗೆ ನಿಂತಿರಲಿಲ್ಲ. ತನ್ನ ಮನೆಯಲ್ಲಿದ್ದ, ತನ್ನ ಆಲಿವ್ ತೋಟದಲ್ಲಿದ್ದ. ಮುರಿದ ಕಾಲು ಕೂಡಿಕೊಂಡೀತು. 1948ರಲ್ಲಿ ಸುಮಾರು ಏಳು ಲಕ್ಷ ಜನ ಕಳೆದುಕೊಂಡ ಊರು ಕೂಡಿಕೊಳ್ಳುವಂಥದ್ದಲ್ಲ. ಇನ್ನು ಹಾರಿದ್ದೂ ಒಂದು ಗಳಿಗೆಯ ಮಾತಲ್ಲ. ಬಾಸೆಲ್‌ನ ಮೊದಲ ಜಿಯೋನಿಸ್ಟ್ ಸಮಾವೇಶ 1897ರದು, ಬಾಲ್ಫೋರ್ ಘೋಷಣೆ 1917ರದು. ಎಲ್ಲಿ ಇಳಿಯಬೇಕೆಂಬ ಗುರಿ ನಾಜಿಗಳ ಬೆಂಕಿಗಿಂತ ಹಳೆಯದು. ಹಾಗೆಂದು ಹಾರಿದವನ ತಲೆಗೇ ಎಲ್ಲವನ್ನೂ ಕಟ್ಟಲಾಗದು. 1924ರ ಕಾನೂನಿನಿಂದ ಅಮೆರಿಕ ತನ್ನ ಬಾಗಿಲನ್ನು ಕಿರಿದು ಮಾಡಿಕೊಂಡಿತ್ತು; ಯಹೂದಿ ನಿರಾಶ್ರಿತರ ಕುರಿತ 1938ರ ಎವಿಯಾನ್ ಸಭೆಯಲ್ಲಿ ಬಹುತೇಕ ದೇಶಗಳು ಕೈಚೆಲ್ಲಿದವು. ಕಿಚ್ಚಿಟ್ಟವರು, ಏಣಿ ಕೊಡದ ನೆರೆಯವರು, ಯಾರೂ ದೃಷ್ಟಾಂತದೊಳಗಿಲ್ಲ. ಪಶ್ಚಿಮದ ಹೊಣೆಯನ್ನು ಅದೇ ಸಂದರ್ಶನದಲ್ಲಿ ಡಾಯ್ಚರ್ ಬಿಡಿಸಿ ಹೇಳಿದ್ದಾರೆ, ನಿಜ. ಜನರ ಬಾಯಲ್ಲಿ ಉಳಿದದ್ದು ದೃಷ್ಟಾಂತ ಮಾತ್ರ.

ಇದರಲ್ಲಿ ವಿಮರ್ಶಕರ ಪಾಲೂ ಇದೆ. ಇಸ್ರೇಲಿನ ಪರ ಇರುವವರು 1954ರಲ್ಲಿ ಇಸ್ರೇಲಿನ ಬಗ್ಗೆ ಲೇಖನ ಬರೆದ ಡಾಯ್ಚರ್‌ಗೆ ಅಂಟಿಕೊಳ್ಳುತ್ತಾರೆ, ವಿರೋಧಿಗಳು 1967ರ ಸಂದರ್ಶನದ ಡಾಯ್ಚರ್‌ಗೆ. ಎರಡೂ ಬರಹ ಅವರ ಮರಣಾನಂತರ, 1968ರಲ್ಲಿ, ಪತ್ನಿ ತಮಾರಾ ಹೊರತಂದ 'ದಿ ನಾನ್-ಜ್ಯೂಯಿಶ್ ಜ್ಯೂ' ಸಂಕಲನದಲ್ಲೇ ಇವೆ. ಅರ್ಧ ಓದಿ ಪೂರ್ಣ ತೀರ್ಪು ಕೊಡುವವರಿಗೆ ಯಾವ ನೆಪವೂ ಇಲ್ಲ. 1954ರ ಆ ಪುಟಗಳನ್ನು ಜಿಯೋನಿಸಂಗೆ ಶರಣಾಗತಿ ಎಂದು ಓದುವುದು ತಪ್ಪು. ತಾವು ಜಿಯೋನಿಸ್ಟ್ ಅಲ್ಲವೆಂದು ಡಾಯ್ಚರ್ ಅಲ್ಲೇ ಸ್ಪಷ್ಟಪಡಿಸುತ್ತಾರೆ. ಯುರೋಪಿನ ಕಾರ್ಮಿಕ ಚಳವಳಿಯನ್ನು ನಂಬಿ ಜಿಯೋನಿಸಂ ವಿರೋಧಿಸಿದೆ, ಆ ನಂಬಿಕೆ ಸುಳ್ಳಾಯಿತು, ಪ್ಯಾಲೆಸ್ಟೀನಿಗೆ ಹೋಗಿ ಎಂದು ಆಗಲೇ ಹೇಳಿದ್ದರೆ ಕೆಲವು ಜೀವವಾದರೂ ಉಳಿಯುತ್ತಿದ್ದವೇನೋ ಎಂಬುದು ಅವರ ಅಳಲು.

ದೃಷ್ಟಾಂತದಲ್ಲಿ ಡಾಯ್ಚರ್ ದೂರ ನಿಂತು ನೋಡುವವರು. ಇಲ್ಲಿ ಹಾಗಲ್ಲ. ಆಷ್‌ವಿಟ್ಜ್‌ಗೆ ಹತ್ತಿರದ ಊರಿನಲ್ಲಿ ಹುಟ್ಟಿ, 1939ರಲ್ಲಿ ಲಂಡನ್ ಸೇರಿದ್ದರಿಂದ ಉಳಿದುಕೊಂಡವರು, ಊರಿನಲ್ಲೇ ಉಳಿದವರಿಗೆ ತಾವು ಏನು ಹೇಳಿದ್ದೆವೆಂದು ನೆನೆಯುತ್ತಿದ್ದಾರೆ.