ಬಾಸೆಲ್ ಸಮಿತಿಯ ಚರಿತ್ರೆಯೂ ಅನುಪಲಬ್ಧಿಪ್ರಮಾಣವೂ

ಚಾರ್ಲ್ಸ್ ಗುಡ್‌ಹಾರ್ಟರು ೨೦೧೧ರಲ್ಲಿ ಪ್ರಕಟಿಸಿದ ಬಾಸೆಲ್ ಬ್ಯಾಂಕು ಮೇಲ್ವಿಚಾರಣಾ ಸಮಿತಿಯ ಚರಿತ್ರೆಯು ೧೯೭೪ರಿಂದ ೧೯೯೭ರ ವರೆಗಿನ ಕಾಲಕ್ಕೆ ಸಂಬಂಧಿಸಿದುದು. ಇದು ಅರ್ಥಶಾಸ್ತ್ರಜ್ಞರಿಗಾಗಿ ರಚಿತವಾದ ಗ್ರಂಥವೆಂಬುದು ನಿಜ. ಆದರೂ ಲಿಖಿತಸಾಧನಗಳಿಂದ ಚರಿತ್ರೆಯನ್ನು ಕಟ್ಟುವವರೆಲ್ಲರೂ ವಿಚಾರಿಸತಕ್ಕ ಪ್ರಶ್ನೆಯೊಂದು ಇದರಲ್ಲಿ ಅಡಗಿರುವುದು: ದಾಖಲೆಗಳ ಮೌನವು ಎಷ್ಟರ ಮಟ್ಟಿಗೆ ಪ್ರಮಾಣವಾಗಬಲ್ಲುದು?

೧೯೭೪ನೆಯ ಜೂನ್ ೨೬ರಂದು ಜರ್ಮನಿಯ ಕಲೋನ್ ನಗರದ ಹೆರ್‌ಸ್ಟಾಟ್ ಬ್ಯಾಂಕನ್ನು ಅಧಿಕಾರಿಗಳು ಮುಚ್ಚಿಸಿದರು. ಅದರೊಡನೆ ವಿನಿಮಯ ನಡಸಿದ್ದ ಬ್ಯಾಂಕುಗಳು ಅಂದು ಹಗಲೇ ಮಾರ್ಕುಗಳನ್ನು ಸಲ್ಲಿಸಿದ್ದುವು. ಪ್ರತಿಯಾಗಿ ನ್ಯೂಯಾರ್ಕಿನಲ್ಲಿ ಬರಬೇಕಾಗಿದ್ದ ಡಾಲರುಗಳು ಕಾಲಭೇದದ ದೆಸೆಯಿಂದ ಕೈಸೇರದೆ ಹೋದುವು. ಆ ವರ್ಷಾಂತ್ಯದಲ್ಲಿ ‘ಹತ್ತರ ಕೂಟ’ದ ಕೇಂದ್ರ ಬ್ಯಾಂಕುಗಳ ಗವರ್ನರರು ಈ ಸಮಿತಿಯನ್ನು ಸ್ಥಾಪಿಸಿದರು. ಇದಕ್ಕೆ ಯಾವ ರಾಜ್ಯದ ಮೇಲೂ ಶಾಸನಾಧಿಕಾರವಿಲ್ಲ. ಹಾಗಿದ್ದೂ, ಅಪಾಯದ ತಾರತಮ್ಯದಂತೆ ತೂಗಿದ ಆಸ್ತಿಗೆ ನೂರಕ್ಕೆ ೮ರಷ್ಟಾದರೂ ಮೂಲಧನವಿರಬೇಕೆಂಬ ೧೯೮೮ರ ಒಪ್ಪಂದವನ್ನು ಸಮಿತಿಯ ಹೊರಗಿನ ದೇಶಗಳೂ ಕೈಕೊಂಡುವು. ಭಾರತವು ನರಸಿಂಹಂ ಸಮಿತಿಯ ಸಲಹೆಯಂತೆ ೧೯೯೨ರಲ್ಲಿಯೇ ಅದನ್ನು ಅನುಸರಿಸತೊಡಗಿತು. ಬಾಸೆಲಿನಲ್ಲಿ ಅದಕ್ಕೆ ಸ್ಥಾನ ದೊರೆತದ್ದು ೨೦೦೯ರಲ್ಲಿ. ರಾಜಶಾಸನವಿಲ್ಲದ ನಿಯಮವು ಶಿಷ್ಟಾಚಾರಬಲದಿಂದಲೇ ಪ್ರವರ್ತಿಸುವ ಬಗೆ ಧರ್ಮಶಾಸ್ತ್ರವನ್ನು ಓದಿದವರಿಗೆ ಹೊಸತೇನೂ ಅಲ್ಲ.

ಗ್ರಂಥಕರ್ತರು ವರ್ಷಾನುಕ್ರಮವನ್ನು ಬಿಟ್ಟು ವಿಷಯಾನುಕ್ರಮವನ್ನು ಹಿಡಿದಿರುವುದು ಉಚಿತವಾಗಿದೆ. ಇದರಿಂದ ಸಮಿತಿ ಸಾಧಿಸಿದುದರೊಡನೆ ಸಾಧಿಸದುದೂ ಕಣ್ಣಿಗೆ ಬೀಳುವುದು. ಅಂಥವುಗಳಲ್ಲಿ ಎರಡು ಮುಖ್ಯ. ಮೊದಲನೆಯದು, ದ್ರವತೆಯನ್ನು, ಎಂದರೆ ಕೇಳಿದೊಡನೆ ಹಣ ತೆರಬಲ್ಲ ಶಕ್ತಿಯನ್ನು, ಕುರಿತು ಚರ್ಚೆಗಳು ನಡೆದರೂ ಒಪ್ಪಂದವೇರ್ಪಡಲಿಲ್ಲವೆಂಬುದು. ಎರಡನೆಯದು, ಸಮಿತಿಯವರು ತಮ್ಮ ನಿಯಮಗಳಿಗೆ ತಾತ್ತ್ವಿಕವಾದ ಆಧಾರವನ್ನು ಅರಸಲಿಲ್ಲ, ವಿದ್ವಾಂಸರ ಸಂಶೋಧನೆಗೆ ಹೆಚ್ಚಾಗಿ ಕಿವಿಗೊಡಲಿಲ್ಲವೆಂಬ ಆಕ್ಷೇಪ. ಇವೆರಡೂ ಅಭಾವಗಳೇ, ಆದರೆ ಸಮಾನಬಲವುಳ್ಳವಲ್ಲ.

ಭಾಟ್ಟಮೀಮಾಂಸಕರು ಅನುಪಲಬ್ಧಿಯನ್ನು ಆರನೆಯ ಪ್ರಮಾಣವೆಂದು ಎಣಿಸುವರಷ್ಟೆ. ಕಾಣದ ಮಾತ್ರಕ್ಕೆ ವಸ್ತುವಿಲ್ಲವೆಂದು ಹೇಳಲು ಅವರು ಒಪ್ಪರು. ಇದ್ದಿದ್ದರೆ ಕಾಣಲೇಬೇಕಾಗಿತ್ತೆಂಬ ಯೋಗ್ಯತೆ ಬೇಕು. ಹಗಲಿನ ಬೆಳಕಿನಲ್ಲಿ ನೆಲದ ಮೇಲೆ ಕೊಡ ಕಾಣದಿದ್ದರೆ ಕೊಡವಿಲ್ಲ. ಕತ್ತಲೆಯಲ್ಲಿ ಕಾಣದಿದ್ದರೆ ಏನನ್ನೂ ಹೇಳುವಂತಿಲ್ಲ. ದ್ರವತೆಯ ಒಪ್ಪಂದವಿದ್ದಿದ್ದರೆ ಅದು ಪ್ರಕಟವಾಗಿ ಬ್ಯಾಂಕುಗಳನ್ನು ಕಟ್ಟಬೇಕಾಗಿತ್ತು. ಆದುದರಿಂದ ಅದರ ಅಭಾವ ಸಿದ್ಧ. ಅದರ ಫಲವೂ ಕಂಡದ್ದೇ. ೨೦೦೭ರ ಸೆಪ್ಟೆಂಬರಿನಲ್ಲಿ ಇಂಗ್ಲೆಂಡಿನ ನಾರ್ದರ್ನ್ ರಾಕ್ ಬ್ಯಾಂಕಿನ ಬಾಗಿಲಲ್ಲಿ ಠೇವಣಿದಾರರು ಸಾಲುಗಟ್ಟಿ ನಿಂತಾಗ, ಅದರಲ್ಲಿ ನಿಯಮವು ಕೇಳಿದಷ್ಟು ಮೂಲಧನವಿತ್ತು; ಸಾಲ ಹುಟ್ಟುವ ಮಾರ್ಗ ಮಾತ್ರ ಬತ್ತಿಹೋಗಿತ್ತು. ದ್ರವತೆಯ ನಿಯಮ ಬಾಸೆಲಿನಿಂದ ಬಂದುದು ೨೦೧೦ರಲ್ಲಿ.

ಎರಡನೆಯ ಆಕ್ಷೇಪಕ್ಕೆ ಈ ಯೋಗ್ಯತೆ ಸಾಲದು. ಸಭೆಯ ನಡವಳಿಯನ್ನು ಬರೆಯುವ ಕಾರ್ಯದರ್ಶಿ ಮುಂದಿನ ಕೆಲಸಕ್ಕೆ ಬೇಕಾದಷ್ಟನ್ನು ಬರೆಯುವನು. ಸದಸ್ಯರ ಮನಸ್ಸಿನ ಪೂರ್ವಪಕ್ಷ ಸಿದ್ಧಾಂತಗಳನ್ನು ಬರೆಯಲು ಅವನಿಗೆ ಕಾರಣವಿಲ್ಲ. ತತ್ತ್ವವಿಚಾರವೇ ನಡೆಯಲಿಲ್ಲವೋ, ನಡೆದದ್ದು ಲೇಖನಿಗೆ ಬರಲಿಲ್ಲವೋ? ಭೇದ ಅಲ್ಪವಲ್ಲ. ವಿಚಾರಿಸದೆ ಬಿಟ್ಟಿದ್ದರೆ ದೋಷವು ಅಜ್ಞಾನದ್ದು. ವಿಚಾರಿಸಿ, ಒಡಂಬಡಿಕೆ ಮುರಿದೀತೆಂದು ಸುಮ್ಮನಿದ್ದರೆ ದೋಷವು ಬುದ್ಧಿಪೂರ್ವಕವಾದುದು. ಗುಡ್‌ಹಾರ್ಟರ ತೀರ್ಪು ಮೊದಲನೆಯದರ ಕಡೆಗೆ ಬಹುಬೇಗ ಒಲಿಯುವುದು.

ಗ್ರಂಥಕರ್ತರು ೧೯೬೮ರಿಂದ ೧೯೮೫ರ ವರೆಗೆ ಇಂಗ್ಲೆಂಡಿನ ಕೇಂದ್ರ ಬ್ಯಾಂಕಿನಲ್ಲಿದ್ದವರು. ಸಮಿತಿಯ ಮೊದಲಿನ ಇಬ್ಬರು ಅಧ್ಯಕ್ಷರಾದ ಜಾರ್ಜ್ ಬ್ಲಂಡೆನ್, ಪೀಟರ್ ಕುಕ್ ಇವರೂ ಅದೇ ಸಂಸ್ಥೆಗೆ ಸೇರಿದವರು. ಇಂಥ ಸಾಮೀಪ್ಯ ದಾಖಲೆಯ ಮೌನವನ್ನು ಅರ್ಥಮಾಡಿಕೊಳ್ಳಲು ನೆರವಾಗುವುದು, ಸಂದೇಹವಿಲ್ಲ. ಟೋಕಿಯೋ, ಫ್ರಾಂಕ್‌ಫರ್ಟ್, ವಾಷಿಂಗ್ಟನ್ ನಗರಗಳ ಆಲೋಚನೆಗೆ ಅದು ಆಪ್ತವಾಕ್ಯವಾಗಲಾರದು. ಬಾಸೆಲಿನ ಕಾಗದಗಳೊಂದನ್ನೇ ನೆಚ್ಚಿ ಹೀಗೆ ತೀರ್ಮಾನಿಸುವುದು ಒಂದೇ ಓಲೆಪ್ರತಿಯಿಂದ ಪಾಠನಿರ್ಣಯ ಮಾಡಿದಂತೆ. ೧೯೮೮ರ ಒಪ್ಪಂದದ ಗತಿಯನ್ನು ತ್ವರೆಗೊಳಿಸಿದ, ೧೯೮೭ರ ಜನವರಿಯಲ್ಲಿ ಅಮೆರಿಕ ಮತ್ತು ಬ್ರಿಟನ್ ದೇಶಗಳು ಮಾಡಿಕೊಂಡ ಇಬ್ಬಗೆಯ ಒಡಂಬಡಿಕೆ ಕುದುರಿದುದು ಸಮಿತಿಯ ಸಭಾಂಗಣದ ಹೊರಗೆ. ಮೂಲಧನದ ನಿಯಮವನ್ನು ಕಟ್ಟಿದವರು ಏನನ್ನು ಯೋಚಿಸಿದರು, ಏನನ್ನು ಯೋಚಿಸಲಿಲ್ಲವೆಂಬುದಕ್ಕೆ ಆ ಎರಡು ರಾಜಧಾನಿಗಳ ಕಡತಗಳನ್ನು ಬಾಸೆಲಿನ ನಡವಳಿಯೊಡನೆ ಸಾಲುಸಾಲಾಗಿ ಹೋಲಿಸಿ ನೋಡಬೇಕಾಗಿದೆ.