ಭೂಕಂಪವೂ ಮೆಕ್ಕಲು ನೆಲದ ಅಂತರ್ಜಲವೂ: ಒಂದು ವಿಮರ್ಶೆ

2001ನೆಯ ಇಸವಿ ಜನವರಿ 26ರಂದು ಕಚ್ಛ ಪ್ರದೇಶವನ್ನು ನಡುಗಿಸಿದ ಭೂಕಂಪದ ತರುವಾಯ ರಣದ ಒಣನೆಲದಲ್ಲಿ ಅನೇಕ ಕಡೆ ನೀರೂ ಮರಳೂ ಚಿಲುಮೆಗಳಾಗಿ ಚಿಮ್ಮಿದುವು. ಉಪಗ್ರಹ ಚಿತ್ರಗಳಲ್ಲಿ ಹಳೆಯ ನದೀಪಾತ್ರಗಳು ತೇವಗೊಂಡು ಕಾಣಿಸಿದುವು. ಲುಪ್ತಳಾದ ಸರಸ್ವತಿಯೇ ಮರಳಿ ಬಂದಳೆಂಬ ಮಾತು ಪತ್ರಿಕೆಗಳಲ್ಲಿ ಹಬ್ಬಿತು. ಆದರೆ ಆ ನೀರು ಬಹುಕಾಲ ನಿಲ್ಲಲಿಲ್ಲ. ಹೊಸ ನದಿಯೊಂದು ಹುಟ್ಟಿರಲಿಲ್ಲ. ಮೆಕ್ಕಲಿನ ಕಣಗಳ ನಡುವೆ ಮೊದಲೇ ಅಡಗಿದ್ದ ನೀರು ಮೇಲಕ್ಕೆ ದೂಡಲ್ಪಟ್ಟಿತ್ತು, ಅಷ್ಟೆ. ಅದನ್ನು ದೂಡಿದ ಬಲ ಯಾವುದು? ಈ ಪ್ರಶ್ನೆಗೆ ವಿದ್ವಾಂಸರು ಕೊಟ್ಟಿರುವ ಉತ್ತರಗಳನ್ನು ನಾವು ಇಲ್ಲಿ ಪರಿಶೀಲಿಸಬಯಸುತ್ತೇವೆ.

ಮೊದಲನೆಯ ಉತ್ತರ ಸರಳವಾದುದು. ಸ್ತರಭಂಗವು ಜರುಗಿದಾಗ ಸುತ್ತಲಿನ ಭೂಭಾಗ ಕೆಲವೆಡೆ ಕುಗ್ಗುತ್ತದೆ, ಕೆಲವೆಡೆ ಹಿಗ್ಗುತ್ತದೆ. ಕುಗ್ಗಿದಲ್ಲಿ ಬಾವಿಯ ನೀರು ಏರಬೇಕು, ಹಿಗ್ಗಿದಲ್ಲಿ ಇಳಿಯಬೇಕು. 1974ರಲ್ಲಿ ಜಪಾನಿನ ಇಜು ಪರ್ಯಾಯದ್ವೀಪದಲ್ಲಿ ಭೂಕಂಪವಾದಾಗ ಬಾವಿಗಳ ಏರಿಳಿತ ಈ ಲೆಕ್ಕಕ್ಕೆ ಹೊಂದಿಕೊಂಡಿತು. ಆದುದರಿಂದ ಈ ವಾದವನ್ನು ನಿರಾಧಾರವೆನ್ನುವಂತಿಲ್ಲ. ಆದರೆ ಅದನ್ನು ಎಲ್ಲ ನೆಲಕ್ಕೂ ಅನ್ವಯಿಸುವುದು ಸರಿಯೆ?

1999ರ ಸೆಪ್ಟೆಂಬರ್ 21ರಂದು ತೈವಾನಿನಲ್ಲಿ ಸಂಭವಿಸಿದ ಚಿ-ಚಿ ಭೂಕಂಪ ಇದಕ್ಕೆ ಒರೆಗಲ್ಲಾಯಿತು. ಸ್ತರಭಂಗದ ಪಶ್ಚಿಮಕ್ಕೆ ಹರಡಿರುವ ಚೋಶುಯಿ ನದಿಯ ಮೆಕ್ಕಲು ಬಯಲಿನಲ್ಲಿ ನೂರಕ್ಕೂ ಮಿಕ್ಕ ವೀಕ್ಷಣಾ ಬಾವಿಗಳು ಮೊದಲೇ ಸಿದ್ಧವಾಗಿದ್ದುವು. ಹಿಗ್ಗುವಿಕೆಯ ಲೆಕ್ಕದಂತೆ ನೀರು ಇಳಿಯಬೇಕಾಗಿದ್ದ ಎಡೆಗಳಲ್ಲಿಯೂ ಅದು ಏರಿತು. ಕೆಲವು ಬಾವಿಗಳಲ್ಲಿ ಏರಿಕೆ ಹಲವು ಮೀಟರುಗಳಷ್ಟಿತ್ತು. ಲೆಕ್ಕವೂ ನೆಲವೂ ಭಿನ್ನವಾಗಿ ನುಡಿದಾಗ ನಾವು ನಂಬಬೇಕಾದುದು ನೆಲದ ಮಾತನ್ನು.

ಎರಡನೆಯ ಉತ್ತರವು ಮೆಕ್ಕಲಿನ ಸ್ವಭಾವವನ್ನೇ ಆಧರಿಸಿದೆ. ಸೇರಿನಲ್ಲಿ ತುಂಬಿದ ಅಕ್ಕಿಯನ್ನು ಕುಲುಕಿದರೆ ಕಾಳುಗಳು ಒತ್ತೊತ್ತಾಗಿ ಕೂಡುವುದು ಎಲ್ಲರೂ ಕಂಡ ಸಂಗತಿ. ಸಡಿಲವಾದ ಮರಳೂ ಕಂಪನದಿಂದ ಹಾಗೆಯೇ ಕೂಡಲೆಳಸುತ್ತದೆ. ಆದರೆ ಕಣಗಳ ನಡುವಿನ ನೀರಿಗೆ ಹೊರಹರಿಯಲು ಅವಕಾಶವಿಲ್ಲ. ಆದಕಾರಣ ಅದರ ಒತ್ತಡ ಏರುತ್ತದೆ. ಮೇಲಿನ ಭಾರವನ್ನು ಕಣಗಳೂ ನೀರೂ ಹಂಚಿಕೊಂಡು ಹೊರುತ್ತವೆಂಬ ತತ್ತ್ವವನ್ನು ಕಾರ್ಲ್ ಟೆರ್ಜಾಗಿ ನಿರೂಪಿಸಿದರು. ಭಾರವೆಲ್ಲ ನೀರಿನ ಮೇಲೆ ಬಿದ್ದಾಗ ಮರಳು ತನ್ನ ದಾರ್ಢ್ಯವನ್ನು ಕಳೆದುಕೊಂಡು ದ್ರವದಂತೆ ವರ್ತಿಸುತ್ತದೆ. ರಣದ ಚಿಲುಮೆಗಳಿಗೆ ಇದೇ ತಕ್ಕ ವಿವರಣೆಯೆಂದು ನಮ್ಮ ಅಭಿಪ್ರಾಯ.

ಆದರೂ ಈ ಉತ್ತರವೊಂದೇ ಸಾಲದು. ಚಿ-ಚಿ ಭೂಕಂಪದಲ್ಲಿಯೇ ಸ್ತರಭಂಗದ ಸಮೀಪದ ಕೆಲವು ಬಾವಿಗಳಲ್ಲಿ ನೀರು ಬಹಳ ಕೆಳಕ್ಕೆ ಕುಸಿಯಿತು. ಅಲ್ಲಿ ನೆಲ ಬಿರಿದು, ನೀರು ಇಳಿದುಹೋಗಲು ಹೊಸ ದಾರಿಗಳು ತೆರೆದುವೆಂದು ತಿಳಿಯಬೇಕಾಗುತ್ತದೆ. ಮೇಲಾಗಿ, ಮೊದಲೇ ದಟ್ಟವಾಗಿ ಕೂಡಿದ ಮರಳು ಜರುಗುವಾಗ ಹಿಗ್ಗುವುದರಿಂದ ನೀರಿನ ಒತ್ತಡ ತಗ್ಗುವುದೂ ಉಂಟು. ಹೀಗೆ ಒಂದೇ ಕಂಪನ ಒಂದು ಬಾವಿಯನ್ನು ತುಂಬಿಸಿ ಇನ್ನೊಂದನ್ನು ಬರಿದುಮಾಡಬಲ್ಲುದು. ಏಕೈಕ ಕಾರಣವನ್ನು ಹೇಳಿ ತೃಪ್ತವಾಗುವ ಪಠ್ಯಪುಸ್ತಕವು ಈ ವೈವಿಧ್ಯವನ್ನು ಮರೆಮಾಡುತ್ತದೆ.

ಇದು ಕೇವಲ ಪಂಡಿತರ ಚರ್ಚೆಯಲ್ಲ. 1934ರ ಜನವರಿ 15ರ ಭೂಕಂಪದಲ್ಲಿ ಉತ್ತರ ಬಿಹಾರದ ವಿಸ್ತಾರವಾದ ಮೆಕ್ಕಲು ಪ್ರದೇಶದಲ್ಲಿ ಮನೆಗಳು ವಾಲಿ ಕುಸಿದುವು. ಹೊಲಗಳ ಮೇಲೆ ಮರಳು ಹರಡಿತು. ಬಾವಿಗಳು ಮರಳಿನಿಂದ ಹೂತುಹೋದುವು. ಮನೆ ಕಳೆದುಕೊಂಡವರಿಗೆ ಕುಡಿಯುವ ನೀರೂ ಇಲ್ಲವಾಯಿತು. ಭಾರತೀಯ ಭೂವಿಜ್ಞಾನ ಸರ್ವೇಕ್ಷಣ ಇಲಾಖೆಯು 1939ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಕುಸಿತದ ಪಟ್ಟಿಯ ವರ್ಣನೆಯಿದೆ. ಅಂತಹ ವರ್ಣನೆಗಳ ಬೆಲೆ ಹಿರಿದು. ಆದರೆ ಅವು ಮೇಲೆ ಬಂದ ನೀರನ್ನು ತೋರಿಸಬಲ್ಲವೇ ಹೊರತು ಒಳಗಿನ ಒತ್ತಡದ ಏರಿಳಿತವನ್ನಲ್ಲ. ಅದನ್ನು ತೋರಿಸಲು ಕಂಪನಕ್ಕೆ ಮೊದಲೇ ಅಳತೆಯಲ್ಲಿ ತೊಡಗಿರುವ ಬಾವಿಗಳು ಬೇಕು.

ಕೊನೆಯದಾಗಿ ನಮ್ಮ ವಿದ್ಯಾರ್ಥಿಗಳಿಗೆ ಒಂದು ಮಾತು. ಕರ್ನಾಟಕದ ಹೆಚ್ಚಿನ ಬಾವಿಗಳು ಶಿಥಿಲಗೊಂಡ ಕಲ್ಲಿನಲ್ಲಿಯೂ ಅದರ ಬಿರುಕುಗಳಲ್ಲಿಯೂ ನೀರನ್ನು ಪಡೆಯುತ್ತವೆ. ಮರಳಿನ ಬಯಲಿನಲ್ಲಿ ಕಂಡ ನಿಯಮವನ್ನು ಇಲ್ಲಿಗೆ ಹಾಗೆಯೇ ತರುವುದು, ಇಜುವಿನ ಲೆಕ್ಕವನ್ನು ತೈವಾನಿಗೆ ಒಯ್ದಂತೆಯೇ ಸರಿ. ಯಾವ ನೆಲ, ಎಷ್ಟು ಸಡಿಲ, ಸ್ತರಭಂಗದಿಂದ ಎಷ್ಟು ದೂರ ಎಂಬ ಮೂರು ಪ್ರಶ್ನೆಗಳನ್ನು ಮೊದಲು ಕೇಳಿ, ಆ ಮೇಲೆ ಕಾರಣವನ್ನು ಹೇಳುವುದು ಯುಕ್ತ.